ತಡವಾಗಿ ಬಂದ ನಗು



ಉಪನ್ಯಾಸಕ್ಕೆ ಕರೆಯಲು ಬಂದವರು ನನಗೆ ವಿಷಯದ ಕಟ್ಟುಪಾಡು ಹಾಕಲಿಲ್ಲ. ‘ನಾಟಕದ ಬಗ್ಗೆ ಏನಾದರೂ ಮಾತಾಡಿ, ಆದರೆ ಯಾರಿಗೂ ನಿದ್ದೆ ಬರದ ಹಾಗೆ ನೋಡಿಕೊಳ್ಳಿ’ ಎಂದರು. ಮೊದಲನೆಯದು ಸುಲಭ, ಎರಡನೆಯದಕ್ಕೆ ನಾನು ಜವಾಬುದಾರನಲ್ಲ. ಆದರೂ ನನ್ನ ಕೈಲಾದ ಎಚ್ಚರಿಕೆ ತೆಗೆದುಕೊಂಡು ನಗೆನಾಟಕವೊಂದನ್ನು ಆರಿಸಿಕೊಂಡಿದ್ದೇನೆ. ಇದೇ ನಾಗಪುರದಲ್ಲಿ ನಾನು ನೋಡಿದ ನಾಟಕ ಅದು. ನೋಡುವಾಗ ನಾನು ನಕ್ಕದ್ದು ಎಲ್ಲರಿಗಿಂತ ತಡವಾಗಿ. ಹಾಗೇಕೆ ತಡವಾಯಿತು ಎಂಬುದೇ ಇವತ್ತಿನ ಮಾತು.

ನಾನು ಧಾರವಾಡದ ಕಡೆಯವನು. ನೌಕರಿಯ ನೆಪದಲ್ಲಿ ನಾಗಪುರಕ್ಕೆ ಬಂದ ಹೊಸದರಲ್ಲಿ, ಒಂದು ಚಳಿಗಾಲದ ಸಂಜೆ, ಪಕ್ಕದ ಮನೆಯ ಕಾಕಾ ಮತ್ತು ಕಾಕೂ ನನ್ನನ್ನೂ ನನ್ನ ಹೆಂಡತಿಯನ್ನೂ ಬರ್ಡಿಯ ಧನವಟೆ ರಂಗಮಂದಿರಕ್ಕೆ ಕರೆದೊಯ್ದರು. ನಾಟಕ ‘ಸಂಗೀತ ಸಂಶಯಕಲ್ಲೋಳ’. ಆಡುವವರು ಹವ್ಯಾಸಿಗಳು. ಮೂರನೆಯ ಗಂಟೆ ಆಯಿತು, ನಾಂದಿ ಆಯಿತು, ಪರದೆ ಸರಿಯಿತು. ಸಭೆ ಒಮ್ಮೆಲೇ ಗೊಳ್ಳೆಂದು ನಕ್ಕಿತು. ನಾನು ಮರಾಠಿ ಮಾತನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುವಿ ಹಾಕಿ, ಅದರ ಸ್ವಾರಸ್ಯ ಹಿಡಿದು ನಗುವ ಹೊತ್ತಿಗೆ ಸಭೆ ಸುಮ್ಮನಾಗಿತ್ತು. ಆ ಮೌನದಲ್ಲಿ ನನ್ನದೊಂದೇ ನಗು ಕೇಳಿಸಿತು. ಮುಂದಿನ ಸಾಲಿನ ಗೃಹಸ್ಥರು ತಿರುಗಿ ನೋಡಿದರು. ಇದು ನಾಲ್ಕಾರು ಸಲ ಆಯಿತು. ಐದನೆಯ ಸಲ ನನ್ನ ಹೆಂಡತಿ ಮೊಣಕೈಯಿಂದ ತಿವಿದಳು.

ಆಮೇಲೆ ತಸ್ಬೀರಿನ ದೃಶ್ಯ ಬಂತು. ಅಲ್ಲಿ ಮಾತ್ರ ಇಡೀ ಸಭೆಗಿಂತ ಮೊದಲು ನಕ್ಕವನು ನಾನು.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಫಾಲ್ಗುಣರಾವ್ ಮತ್ತು ಅವನ ಹೆಂಡತಿ ಕೃತ್ತಿಕಾ ಇಬ್ಬರೂ ಸಂಶಯದ ಗಿರಾಕಿಗಳು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಇತ್ತ ಅಶ್ವಿನಶೇಠ ಮತ್ತು ರೇವತಿ ಪ್ರೇಮಿಗಳು. ರೇವತಿ ನಾಯಕಸಾನಿಯರ ಮನೆಯ ಹುಡುಗಿ. ಅವಳ ಹತ್ತಿರ ಅಶ್ವಿನಶೇಠನ ಒಂದು ತಸ್ಬೀರಿದೆ. ಬೀದಿಯಲ್ಲಿ ರೇವತಿ ತಲೆ ಸುತ್ತಿ ಬೀಳುವಾಗ ಫಾಲ್ಗುಣರಾವ್ ಹಿಡಿದುಕೊಳ್ಳುತ್ತಾನೆ, ಅದನ್ನು ಕೃತ್ತಿಕಾ ಕಾಣುತ್ತಾಳೆ. ಬಿದ್ದ ತಸ್ಬೀರು ಕೃತ್ತಿಕಾಳ ಕೈಗೆ ಸಿಗುತ್ತದೆ, ಅವಳು ಅದನ್ನು ನೋಡುತ್ತಿರುವುದನ್ನು ಗಂಡ ಕಾಣುತ್ತಾನೆ. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಕಣ್ಣಾರೆ ಕಂಡ ಸಾಕ್ಷಿ ಇದೆ, ಪ್ರತಿಯೊಬ್ಬರ ತೀರ್ಮಾನವೂ ತಪ್ಪು.

ನಾನೇಕೆ ಮೊದಲು ನಕ್ಕೆ? ‘ತಸ್ಬೀರು’ ನಮ್ಮ ಕಡೆಯ ಮನೆಮಾತು. ಗೋಡೆಯ ಮೇಲಿನ ದೇವರ ಪಟಕ್ಕೂ ಅಜ್ಜನ ಫೋಟೋಕ್ಕೂ ನಮ್ಮಲ್ಲಿ ಅದೇ ಶಬ್ದ. ಅದನ್ನು ತಿರುವಿ ಹಾಕಬೇಕಿರಲಿಲ್ಲ. ಇನ್ನೊಂದು ಕಾರಣ ನನ್ನ ಸೋದರಮಾವ. ಹೆಂಡತಿಗೆ ತವರಿನಿಂದ ಬಂದ ಇನ್‌ಲ್ಯಾಂಡ್ ಪತ್ರವನ್ನು ಒಡೆಯದೆ ಬಿಸಿಲಿಗೆ ಹಿಡಿದು ಓದಲು ನೋಡುತ್ತಿದ್ದ ಮಹಾನುಭಾವ. ಅತ್ತೆ ಜಾಣೆ. ‘ಪತ್ರದ ಮೊದಲ ಸಾಲಿನಲ್ಲೇ ಅಳಿಯಂದಿರಿಗೆ ನಮಸ್ಕಾರ ಬರೆಯಿರಿ, ಬಿಸಿಲಿಗೆ ಹಿಡಿದರೂ ಅದೇ ಕಾಣಲಿ’ ಎಂದು ತವರಿಗೆ ಹೇಳಿ ಕಳಿಸಿದ್ದಳು. ರಂಗದ ಮೇಲೆ ಫಾಲ್ಗುಣರಾವ್ ತಸ್ಬೀರನ್ನು ಹಿಂದೆ ಮುಂದೆ ತಿರುಗಿಸಿ ನೋಡುವಾಗ ನನಗೆ ಕಂಡದ್ದು ಹುಬ್ಬಳ್ಳಿಯ ಮನೆಯ ಅಂಗಳ, ಕೈಯಲ್ಲಿ ಪತ್ರ ಹಿಡಿದು ಕಣ್ಣು ಕಿರಿದು ಮಾಡಿಕೊಂಡ ಮಾವ.

ವಿಮರ್ಶಕರು ಇಂಥ ನಾಟಕಗಳನ್ನು ‘ಕಾಮೆಡಿ ಆಫ್ ಮ್ಯಾನರ್ಸ್’ ಎನ್ನುತ್ತಾರೆ. ನಾನು ಇದನ್ನು ನಡೆನುಡಿಯ ನಾಟಕ ಎಂದು ಕರೆಯುತ್ತೇನೆ. ಇದರಲ್ಲಿ ಕೊಲೆಯಿಲ್ಲ, ದರೋಡೆಯಿಲ್ಲ, ಲಂಚ ತಿಂದವನನ್ನು ಬೈಯುವ ಆವೇಶವೂ ಇಲ್ಲ. ಪಡಸಾಲೆಯಲ್ಲಿ ಬಂದವರ ಮುಂದೆ ಆಡುವ ಮಾತಿಗೂ ಅಡುಗೆಮನೆಯಲ್ಲಿ ಆಡುವ ಮಾತಿಗೂ ನಡುವೆ ಒಂದು ಪರದೆ ಇರುತ್ತದಲ್ಲ, ಈ ನಾಟಕ ಸರಿಸುವುದು ಅದನ್ನು. ಪಾತ್ರಗಳು ಕೆಟ್ಟವರಲ್ಲ, ಮರ್ಯಾದಸ್ಥರು. ಮರ್ಯಾದೆ ಕಾಪಾಡಿಕೊಳ್ಳುವ ಗಡಿಬಿಡಿಯಲ್ಲೇ ಅವರ ಮರ್ಯಾದೆ ಹೋಗುತ್ತದೆ.

ಈ ತಸ್ಬೀರು ಎಷ್ಟು ದೂರದಿಂದ ಬಂತು ನೋಡಿ. 1660ರಲ್ಲಿ ಪ್ಯಾರಿಸ್ಸಿನಲ್ಲಿ ಮೊಲಿಯೇರ್ ‘ಸ್ಗಾನರೆಲ್’ ಎಂಬ ಏಕಾಂಕ ಬರೆದು, ಸಂಶಯಪಿಶಾಚಿ ಗಂಡನ ಪಾತ್ರವನ್ನು ತಾನೇ ಆಡಿದ. 1761ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಮರ್ಫಿ ಅದನ್ನು ಹಿಗ್ಗಿಸಿ ‘ಆಲ್ ಇನ್ ದಿ ರಾಂಗ್’ ಎಂಬ ಐದು ಅಂಕದ ನಾಟಕ ಮಾಡಿದ. ಅದನ್ನು ಓದಿದ ಗೋವಿಂದ ಬಲ್ಲಾಳ ದೇವಲರು 1893ರಲ್ಲಿ ಮರಾಠಿಗೆ ತಂದರು. ಆಗ ಅದು ಹಾಡಿಲ್ಲದ ಗದ್ಯನಾಟಕ, ಹೆಸರಿನಲ್ಲೇ ‘ತಸ್ಬೀರಿನ ಘೋಟಾಳಾ’ ಇತ್ತು. ಕಡೆಗಾಲದಲ್ಲಿ ಅವರೇ ಹಾಡು ಸೇರಿಸಿ ಬಾಲಗಂಧರ್ವರ ಮಂಡಳಿಗೆ ಹೊಂದಿಸಿಕೊಟ್ಟರು. 1916ರಲ್ಲಿ ಅದು ರಂಗಕ್ಕೆ ಬರುವ ಮೊದಲೇ ದೇವಲರು ತೀರಿಕೊಂಡರು. ಬಾಲಗಂಧರ್ವರ ರೇವತಿ, ಗಣಪತರಾವ್ ಬೋಡಸರ ಫಾಲ್ಗುಣರಾವ್ ಮರಾಠಿ ರಂಗಭೂಮಿಯಲ್ಲಿ ಇಂದಿಗೂ ಹೆಸರಾದ ಪಾತ್ರಗಳು.

ದೇವಲರು ಹೆಸರುಗಳನ್ನೆಲ್ಲ ಎಲ್ಲಿಂದ ತಂದರು? ಪಂಚಾಂಗದಿಂದ. ಫಾಲ್ಗುಣ, ಅಶ್ವಿನ, ವೈಶಾಖ ಎಂದು ಗಂಡಸರು, ಕೃತ್ತಿಕಾ, ರೇವತಿ, ರೋಹಿಣಿ, ಸ್ವಾತಿ ಎಂದು ಹೆಂಗಸರು, ಭಾದವ್ಯಾ ಎಂದು ಆಳು. ಪ್ಯಾರಿಸ್ಸಿನ ಜನರನ್ನು ನಮ್ಮ ತಿಂಗಳು, ನಕ್ಷತ್ರಗಳಲ್ಲಿ ಹಂಚಿಬಿಟ್ಟರು. ಮೂಲದ ಮಧ್ಯಮವರ್ಗದ ಹುಡುಗಿ ಇಲ್ಲಿ ನಾಯಕಸಾನಿಯ ಮನೆಯವಳಾದಳು. ಅಂಥ ಮನೆಯ ಹುಡುಗಿಯನ್ನು ಮರ್ಯಾದಸ್ಥನೊಬ್ಬ ಮದುವೆಯಾಗಬಯಸಿದರೆ ನಮ್ಮ ಸಮಾಜದ ಕಣ್ಣು ಎಲ್ಲಿ ನೆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೀಗಾಗಿ ಇದು ಅನುವಾದವಾಗಿ ಉಳಿಯದೆ ಮಹಾರಾಷ್ಟ್ರದ ಮನೆಯ ನಾಟಕವಾಯಿತು. ಇಂದು ತಸ್ಬೀರಿನ ಜಾಗಕ್ಕೆ ಮೇಜಿನ ಮೇಲೆ ಬೋರಲು ಮಲಗಿಸಿಟ್ಟ ಮೊಬೈಲು ಬಂದಿದೆ. ಕಥೆಯಲ್ಲಿ ಬೇರೇನೂ ಬದಲಿಸಬೇಕಾಗಿಲ್ಲ.

ಇಂಥ ಕೆಲಸ ದೇವಲರಿಗೆ ಹೇಗೆ ಒಲಿಯಿತು? ಅವರು ಬೆಳಗಾವಿಯಲ್ಲಿ ಓದಿದವರು, ಅಣ್ಣಾಸಾಹೇಬ ಕಿರ್ಲೋಸ್ಕರರ ಗರಡಿಯಲ್ಲಿ ಪಳಗಿದವರು. ಆ ಕಿರ್ಲೋಸ್ಕರರಾದರೂ ಎಲ್ಲಿಯವರು? ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಕನ್ನಡದ ನೆಲದಲ್ಲಿ 1843ರಲ್ಲಿ ಹುಟ್ಟಿದವರು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರು. ಅವರ ಹಾಡುಗಳಲ್ಲಿ ‘ಕಾನಡಿ ಚಾಲ್’, ಅಂದರೆ ಕನ್ನಡದ ಮಟ್ಟುಗಳು, ಧಾರಾಳವಾಗಿ ಬಂದಿವೆ. ಒಂದು ಕಿವಿ ಮರಾಠಿಗೆ, ಒಂದು ಕಿವಿ ಕನ್ನಡಕ್ಕೆ ಕೊಟ್ಟು ಬೆಳೆದ ಜನ ಇವರು.

ಕಿರ್ಲೋಸ್ಕರರು ಹುಟ್ಟಿದ 1843ರಲ್ಲೇ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಅದಕ್ಕೆ ಪ್ರೇರಣೆ ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿದ, ನಮ್ಮ ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನ ಮೇಳ. ಇಷ್ಟನ್ನು ಎಲ್ಲ ಕನ್ನಡ ಭಾಷಣಕಾರರೂ ಎದೆಯುಬ್ಬಿಸಿ ಹೇಳುತ್ತಾರೆ. ನಾನು ಅದರ ಮುಂದಿನದನ್ನು ಹೇಳಬೇಕು.

ಅದೇ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬರೆದರು. ಅದು 1887ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳನ್ನು ಹಣ ಎಣಿಸಿಕೊಂಡು ಕೊಡುವ ಕನ್ಯಾವಿಕ್ರಯವನ್ನು ನಗೆಗೀಡು ಮಾಡಿದ ನಾಟಕ. ಕನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಇದನ್ನು ಎಣಿಸುತ್ತಾರೆ. ಪಾತ್ರಗಳು ಗ್ರಂಥದ ಕನ್ನಡ ಬಿಟ್ಟು ಹವ್ಯಕರ ಮನೆಮಾತಿನಲ್ಲಿ ಚೌಕಾಸಿ ಮಾಡುತ್ತವೆ. ಮುದುಕನಿಗೆ ಎಳೆಯ ಹುಡುಗಿಯನ್ನು ಕಟ್ಟುವ ವಿಚಾರದ ಮೇಲೆ ದೇವಲರು ‘ಶಾರದಾ’ ನಾಟಕ ತಂದದ್ದು 1899ರಲ್ಲಿ, ಇದಾದ 12 ವರ್ಷಕ್ಕೆ. ಯಾರು ಮೊದಲು ಎಂಬ ಪೈಪೋಟಿ ನನಗೆ ಬೇಡ. ನನ್ನ ಕಣ್ಣು ಹೋದದ್ದು ಪುಸ್ತಕ ಅಚ್ಚಾದ ಊರಿನ ಮೇಲೆ. ಆ ಊರು ಹೊನ್ನಾವರವಲ್ಲ, ಮುಂಬಯಿ. ಅಡಕೆ ತೋಟದ ಮನೆಯ ಜಗುಲಿಯ ಮಾತು ಮುಂಬಯಿಯ ಅಚ್ಚುಮನೆ ಸೇರಿ ಪುಸ್ತಕವಾಯಿತು.

ಮಾತು ಹುಟ್ಟಿದ ಜಾಗದಿಂದ ದೂರದಲ್ಲಿ ಪುಸ್ತಕವಾದ ಈ ಸಂಗತಿಯನ್ನು ಕೈಲಾಸಂ ಜೊತೆ ಇಟ್ಟು ನೋಡಿ. 1884ರಲ್ಲಿ ಹುಟ್ಟಿದ ಟಿ. ಪಿ. ಕೈಲಾಸಂ ಅವರ ಮನೆಮಾತು ತಮಿಳು. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದರು. ಬಂದು ಬರೆದದ್ದು ಮೈಸೂರು ಕಡೆಯ ವಕೀಲರು, ಗುಮಾಸ್ತರು, ಅವರ ಹೆಂಡಿರು ಮಕ್ಕಳು ಆಡುವ, ಅರ್ಧ ಇಂಗ್ಲಿಷು ಅರ್ಧ ಕನ್ನಡದ ಮಾತನ್ನು. ಕನ್ನಡವೇ ಮನೆಮಾತಾದವರ ಕಿವಿಗೆ ಅದು ಗಾಳಿಯ ಹಾಗೆ, ಇದ್ದರೂ ತಿಳಿಯುವುದಿಲ್ಲ. ಕೈಲಾಸಂ ಕಿವಿಗೆ ಅದು ಕೇಳಿಸಿತು. ‘ಟೊಳ್ಳುಗಟ್ಟಿ’, ‘ಬಂಡ್ವಾಳ್ವಿಲ್ಲದ ಬಡಾಯಿ’, ‘ಅಮ್ಮಾವ್ರ ಗಂಡ’, ಎಲ್ಲ ಆ ಕಿವಿಯ ಸಂಪಾದನೆ.

ಲಂಡನ್ನಿನ ಕಡೆ ತಿರುಗಿದರೂ ಅದೇ ಕಥೆ. ಇಂಗ್ಲಿಷ್ ಸಮಾಜದ ನಡೆನುಡಿಯನ್ನು ಇನ್ನಿಲ್ಲದಂತೆ ನಗೆಗೀಡು ಮಾಡಿದ ಗೋಲ್ಡ್‌ಸ್ಮಿತ್, ಶೆರಿಡನ್, ಆಸ್ಕರ್ ವೈಲ್ಡ್, ಬರ್ನಾರ್ಡ್ ಷಾ, ನಾಲ್ವರೂ ಐರ್ಲೆಂಡಿನಿಂದ ಬಂದವರು. ತಸ್ಬೀರನ್ನು ಲಂಡನ್ನಿಗೆ ತಂದ ಮರ್ಫಿಯೂ ಐರಿಷ್. ಬೇರೆ ಊರಿನಿಂದ ಬಂದವನಿಗೆ ಈ ಊರಿನ ಮಾತು ಅರೆಕ್ಷಣ ತಡವಾಗಿ ತಿಳಿಯುತ್ತದೆ. ಆ ಅರೆಕ್ಷಣದಲ್ಲಿ ಅವನು ಮಾತಿನ ಅರ್ಥದ ಜೊತೆ ಮಾತಿನ ರೀತಿಯನ್ನೂ ಗಮನಿಸುತ್ತಾನೆ. ಒಳಗಿನವನಿಗೆ ಆ ಬಿಡುವೇ ಸಿಗುವುದಿಲ್ಲ. ಅಂದು ಧನವಟೆ ರಂಗಮಂದಿರದಲ್ಲಿ ನನ್ನ ನಗು ತಡವಾದದ್ದಕ್ಕೆ ನಾನು ನಾಚಿಕೊಂಡಿದ್ದೆ. ನಾಚಬೇಕಾದದ್ದೇನೂ ಇರಲಿಲ್ಲ. ಪ್ರೇಕ್ಷಕನಲ್ಲಿ ಕೊರತೆಯಾಗಿ ಕಾಣುವ ಆ ತಡವೇ ಪ್ರಹಸನ ಬರೆಯುವವನ ಬಂಡವಾಳ.

ಕೈಲಾಸಂ ಅವರ ಕನ್ನಡವನ್ನು ಮೊದಲ ಸಲ ರಂಗದ ಮೇಲೆ ಕೇಳಿದಾಗಲೂ ನಾನು ತಡವಾಗಿಯೇ ನಕ್ಕವನು. ಧಾರವಾಡದವನಿಗೆ ಹಳೆಯ ಮೈಸೂರಿನ ಆ ಓಟದ ಮಾತು ಇನ್ನೊಂದು ಭಾಷೆಯ ಹಾಗೇ ಕೇಳುತ್ತದೆ. ಈಚೆಗೆ ಬೆಂಗಳೂರಿನಲ್ಲಿ ಅವರ ನಾಟಕವೊಂದಕ್ಕೆ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹಿರಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳು ನನ್ನ ಕಡೆ ಬಗ್ಗಿ, ‘ಇದರಲ್ಲಿ ನಗೋದೇನಿದೆ ಮಾಮಾ? ನಾವೂ ಹಿಂಗೇ ಮಾತಾಡ್ತೀವಲ್ಲ’ ಎಂದಳು.

ಆ ಹುಡುಗಿ ಹೇಳಿದ್ದು ಸಣ್ಣ ಮಾತಲ್ಲ. ಕೈಲಾಸಂ ಯಾವುದನ್ನು ಸೋಗು ಎಂದು ತೋರಿಸಿದರೋ ಅದು ಇವತ್ತು ಸೋಗಾಗಿ ಉಳಿದಿಲ್ಲ, ರೂಢಿಯಾಗಿದೆ. ನಡೆನುಡಿಯ ನಾಟಕಕ್ಕೆ ಮುಪ್ಪು ಬರುವುದು ಹೀಗೆ. ಸಮಾಜ ತನ್ನ ಲೋಪವನ್ನು ತಿದ್ದಿಕೊಂಡರೆ ನಾಟಕ ಹಳೆಯದಾಗುತ್ತದೆ. ಲೋಪವೇ ಎಲ್ಲರ ನಡೆಯಾದರೂ ಹಳೆಯದಾಗುತ್ತದೆ. ‘ಹೋಂ ರೂಲು’ ಎಂಬ ಅವರ ನಾಟಕದ ಹೆಸರಿನ ಚಮತ್ಕಾರ ಹಿಡಿಯಬೇಕಾದರೆ, 1916ರಲ್ಲಿ ತಿಲಕರು ಬೆಳಗಾವಿಯಲ್ಲೂ ಬೆಸೆಂಟರು ಮದ್ರಾಸಿನಲ್ಲೂ ಹೋಂ ರೂಲ್ ಲೀಗ್ ಕಟ್ಟಿದ್ದು ಗೊತ್ತಿರಬೇಕು. ಅಡಿಟಿಪ್ಪಣಿ ಓದಿದವನು ತಲೆದೂಗಬಹುದು. ನಗಲಾರ. ‘ಸಂಶಯಕಲ್ಲೋಳ’ ಉಳಿದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಸಂಶಯ ಎಲ್ಲರ ಮನೆಯಲ್ಲೂ ಉಂಟು, ಆದರೆ ‘ಹೌದು, ನಾನು ಹೆಂಡತಿಯ ಪತ್ರ ಬಿಸಿಲಿಗೆ ಹಿಡಿಯುತ್ತೇನೆ’ ಎಂದು ಪಡಸಾಲೆಯಲ್ಲಿ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಪರದೆ ಇರುವವರೆಗೆ ಸರಿಸುವವನಿಗೆ ಕೆಲಸ ಉಂಟು.

ನಾಗಪುರದಲ್ಲಿ ಪರದೆಗಳಿಗೇನು ಬರವೇ? ಈ ಊರಿನ ಮಾತನ್ನೇ ತೆಗೆದುಕೊಳ್ಳಿ. 1956ರ ತನಕ ಇದು ಮಧ್ಯಪ್ರದೇಶದ ರಾಜಧಾನಿ. ಮರಾಠಿಯೂ ಹಿಂದಿಯೂ ಒಂದೇ ಓಣಿಯಲ್ಲಿ ಬೆಳೆದವು. ಪುಣೆಯವನು ‘ಜೇವತೋಯ್’ ಎಂದರೆ ಇಲ್ಲಿಯವನು ‘ಜೇವೂನ್ ರಾಹಿಲೋ’ ಎನ್ನುತ್ತಾನೆ. ಹಿಂದಿಯ ‘ಖಾ ರಹಾ ಹೂಂ’ ಎಂಬುದರ ಮರಾಠಿ ವೇಷ ಅದು. ಪುಣೆಯವರು ಇದನ್ನು ಕೇಳಿ ನಗುತ್ತಾರೆ, ಇಲ್ಲಿಯವರು ತರ್ರಿ ಪೋಹೆ ತಿನ್ನುತ್ತ ಪುಣೆಯವರ ನಾಜೂಕನ್ನು ಕಂಡು ನಗುತ್ತಾರೆ. ಷಾನ ‘ಪಿಗ್ಮೇಲಿಯನ್’ ನಾಟಕವನ್ನು ಪು. ಲ. ದೇಶಪಾಂಡೆ 1975ರಲ್ಲಿ ‘ತೀ ಫುಲರಾಣಿ’ ಎಂದು ಮರಾಠಿಗೆ ತಂದರು. ಜಯಂತ ಕಾಯ್ಕಿಣಿ ‘ಸೇವಂತಿ ಪ್ರಸಂಗ’ ಎಂದು ಕನ್ನಡಕ್ಕೆ ತಂದರು. ಹೂ ಮಾರುವ ಹುಡುಗಿಗೆ ಪ್ರೊಫೆಸರನೊಬ್ಬ ‘ಶುದ್ಧ’ ಮಾತು ಕಲಿಸುವ ಕಥೆ. ಅದನ್ನು ನೋಡುವ ನಾಗಪುರದವನು ಯಾರ ಪಕ್ಷ? ನನಗಂತೂ ಗೊತ್ತು. ಬೆಂಗಳೂರಿನ ಅಂಗಡಿಯಲ್ಲಿ ‘ಎಷ್ಟ್ರಿ?’ ಎಂದು ಕೇಳಿ ಎರಡು ಸಲ ಮುಖ ನೋಡಿಸಿಕೊಂಡ ಧಾರವಾಡದವನು ಎಂದೂ ಆ ಹುಡುಗಿಯ ಕಡೆಯವನೇ.

ರಂಗಭೂಮಿಗೆ ಈ ಊರಿನಲ್ಲಿ ಬೇರೂ ಇದೆ. ‘ಕಟ್ಯಾರ್ ಕಾಳಜಾತ್ ಘುಸಲೀ’ ಬರೆದ ಪುರುಷೋತ್ತಮ ದಾರವ್ಹೇಕರ್ ಇಲ್ಲಿಯವರು. ಅದರ ಖಾನ್‌ಸಾಹೇಬನಾಗಿ ಹಾಡಿದ ವಸಂತರಾವ್ ದೇಶಪಾಂಡೆಯವರ ಹೆಸರಿನ ಸಭಾಗೃಹ ಸಿವಿಲ್ ಲೈನ್ಸಿನಲ್ಲಿದೆ. ಪೂರ್ವ ವಿದರ್ಭದ ಗಡಚಿರೋಲಿ, ಚಂದ್ರಪುರಗಳ ಕಡೆ ಹೋದರೆ ಭತ್ತದ ಕೊಯ್ಲಾದ ಮೇಲೆ ಝಾಡಿಪಟ್ಟಿಯ ಮಂಡಳಿಗಳು ಇಂದಿಗೂ ರಾತ್ರಿಯಿಡೀ ಆಡುತ್ತವೆ, ನಮ್ಮ ಕಂಪನಿ ನಾಟಕಗಳ ಅಣ್ಣತಮ್ಮಂದಿರ ಹಾಗೆ. ಈ ಊರಿನ ಮಹೇಶ ಏಲಕುಂಚವಾರರು ಒಮ್ಮೆ ಸಿನಿಮಾಕ್ಕೆ ಹೋಗಿ, ಟಿಕೀಟು ಸಿಗದೆ, ವಿಜಯಾ ಮೆಹ್ತಾ ನಿರ್ದೇಶಿಸಿದ ತೆಂಡೂಲ್ಕರರ ನಾಟಕ ನೋಡಿದರು. ನಾಟಕಕಾರರಾಗುವ ಹಟ ಅವರಿಗೆ ಹಿಡಿದದ್ದು ಅಂದು. ಅವರ ‘ವಾಡಾ ಚಿರೇಬಂದಿ’ಯಲ್ಲಿ ವಿದರ್ಭದ ದೇಶಪಾಂಡೆ ಮನೆತನದ ಅಂಗಳದಲ್ಲಿ ಕೆಟ್ಟುನಿಂತ ಟ್ರ್ಯಾಕ್ಟರೊಂದಿದೆ. ಅದು ನಗೆನಾಟಕವಲ್ಲ. ಆದರೆ ಮರ್ಯಾದೆಯ ಪರದೆ ಹರಿದ ಮೇಲೂ ಅದನ್ನು ಎಳೆದು ಮುಚ್ಚಿಕೊಳ್ಳುವ ಜನ ಫಾಲ್ಗುಣರಾವನ ನೆಂಟರೇ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಹೊರನಾಡಿನ ಕನ್ನಡಿಗರಾದ ನಾವು ರಾಜ್ಯೋತ್ಸವಕ್ಕೆ ಏನು ಆಡುತ್ತೇವೆ? ಪೌರಾಣಿಕದ ಒಂದು ತುಣುಕು, ಮಕ್ಕಳ ಕೋಲಾಟ, ಧೈರ್ಯ ಬಂದರೆ ಕೈಲಾಸಂ. ನನ್ನ ತಕರಾರು ಕೈಲಾಸಂ ಮೇಲಲ್ಲ. 100 ವರ್ಷದ ಹಿಂದಿನ ಮೈಸೂರಿನ ಸೋಗನ್ನು ನೋಡಿ ನಗುವ ನಾವು ನಮ್ಮ ಸೋಗನ್ನು ಯಾರ ಕೈಗೆ ಒಪ್ಪಿಸಿದ್ದೇವೆ? ನಾಗಪುರದಲ್ಲಿ ಕುಳಿತು ‘ನಮ್ಮ ಕಡೆ ಇಂಥಾ ಬಿಸಿಲು ಇರೂದಿಲ್ಲ’ ಎನ್ನುವವರು, ಧಾರವಾಡಕ್ಕೆ ಹೋದ ಮರುದಿನವೇ ‘ನಮ್ಮ ನಾಗಪುರದಾಗ ಇಂಥಾ ಮಳಿ ಇರೂದಿಲ್ಲ’ ಎನ್ನುವವರು ನಾವೇ ಅಲ್ಲವೆ? ಬೀಗರ ಮುಂದೆ ‘ಮಕ್ಕಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ’ ಎಂದು ಹೇಳಿ, ಮಕ್ಕಳು ಬಾಯಿ ತೆರೆಯುವ ಮೊದಲೇ ಹೊರಗೆ ಆಟಕ್ಕೆ ಕಳಿಸುವವರೂ ನಾವೇ. ಇದನ್ನು ಬೆಂಗಳೂರಿನವನು ಬರೆಯಲಾರ, ಪುಣೆಯವನೂ ಬರೆಯಲಾರ. ಎರಡು ಮಾತಿನ ನಡುವೆ ಅರೆಕ್ಷಣ ನಿಂತು ಕೇಳುವ ಕಿವಿ ಬೇಕು. ಅದು ಈ ಸಭೆಯಲ್ಲಿ ಎಲ್ಲರಿಗೂ ಉಂಟು.

ಒಂದು ಸಲ ನನ್ನ ತಾಯಿ ಧಾರವಾಡದಿಂದ ಫೋನ್ ಮಾಡಿದ್ದಳು. ನಮ್ಮ ಮಗಳಿಗೆ ಆಗ ಏಳು ವರ್ಷ. ತಟ್ಟೆಯ ಮುಂದೆ ಕುಳಿತೇ ಫೋನ್ ಎತ್ತಿಕೊಂಡಳು.

‘ಏನ್ ಮಾಡಾಕತ್ತೀ ಪುಟ್ಟಿ?’

ಮಗಳು ನಾಗಪುರದ ‘ಜೇವೂನ್ ರಾಹಿಲೀ’ಯನ್ನು ಅಕ್ಷರಕ್ಕಕ್ಷರ ಕನ್ನಡ ಮಾಡಿದಳು: ‘ಉಂಡು ಉಳದೇನಿ, ಅಜ್ಜಿ.’

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನನ್ನ ತಾಯಿ ಬಹಳ ಕಳಕಳಿಯಿಂದ ಕೇಳಿದಳು: ‘ಯಾಕವಾ, ನಿಮ್ಮವ್ವನ ಅಡಿಗಿ ಅಷ್ಟು ಕೆಟ್ಟಿತ್ತೇನು?’

ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಹೇಳುವುದಿಲ್ಲ. ಅತ್ತೆ, ಸೊಸೆ, ಮೊಮ್ಮಗಳು, ನಡುವೆ ಒಂದು ಫೋನು. ಪಾತ್ರಗಳಾದವು, ಮೊದಲ ಮಾತೂ ಆಯಿತು. ಉಳಿದದ್ದನ್ನು ನಿಮ್ಮಲ್ಲಿ ಯಾರಾದರೂ ಬರೆಯಿರಿ. 40 ನಿಮಿಷದ ಏಕಾಂಕ ಸಾಕು. ಮುಂದಿನ ರಾಜ್ಯೋತ್ಸವಕ್ಕೆ ಇದೇ ವೇದಿಕೆಯ ಮೇಲೆ ಆಡಿ. ನಾನು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ, ತಡವಾಗಿ ನಕ್ಕವರನ್ನು ತಿರುಗಿ ನೋಡುವುದಿಲ್ಲ ಎಂದು ಮಾತು ಕೊಡುತ್ತೇನೆ.